ಎದುರುಮನೆ ಮೇಡಂ ಅವರ ಹಿಂದಿನ ಸೀಟು

ಈ ಸಲ ಹೋಳಿಯ ಬೆಂಕಿಗೆ ನಮ್ಮ ಸೊಸೈಟಿಯ ಯಾರೋ ಪುಣ್ಯಾತ್ಮರು ಹಳೆಯ ಟೈರೊಂದನ್ನು ಎಸೆದಿದ್ದರು. ಮಾರನೆಯ ಬೆಳಿಗ್ಗೆ ಅಹಮದಾಬಾದಿನ ಚಾಂದ್‌ಖೇಡಾದ ನಮ್ಮ ಬಾಲ್ಕನಿಯ ತುಂಬ ಸುಟ್ಟ ರಬ್ಬರಿನ ವಾಸನೆ. ಹೆಂಡತಿ ಕಿಟಕಿಗಳನ್ನೆಲ್ಲ ಮುಚ್ಚಿ, ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ಮಾತ್ರ ಹೊರಗೇ ಕುಳಿತು, ನೆಗಡಿಯವನು ಆವಿ ತೆಗೆದುಕೊಳ್ಳುವ ಹಾಗೆ ಅದನ್ನು ಎಳೆದುಕೊಳ್ಳುತ್ತಿದ್ದೆ. ಇದರಿಂದ ಶ್ವಾಸಕೋಶಕ್ಕೆ ಏನೇನು ಆಗಬಹುದೆಂದು ನನಗೆ ಚೆನ್ನಾಗಿ ಗೊತ್ತು. ಅಂಥದ್ದನ್ನೆಲ್ಲ ಓದಿ ಹೆದರಿಕೊಳ್ಳುವುದೇ ನನಗಿರುವ ಒಂದೇ ಹವ್ಯಾಸ. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಆ ವಾಸನೆಯಲ್ಲಿ ವಡೋದರಾದ ನಮ್ಮ ಎದುರುಮನೆ ಮೇಡಂ ಇದ್ದರು...

ಆಗ ನಾವು ಅಲ್ಲಿನ ಗೋರ್ವಾದಲ್ಲಿ ಬಾಡಿಗೆಗಿದ್ದೆವು. ನನ್ನದು ಅಲ್ಕಾಪುರಿಯಲ್ಲಿ ವಿಮೆಯ ಕಚೇರಿ, ಕ್ಲೇಮು ವಿಭಾಗ. ಸುಟ್ಟುಹೋಯಿತು ಎಂದವರ ಅಂಗಡಿ ನಿಜವಾಗಿ ಸುಟ್ಟಿದೆಯೇ, ಸುಟ್ಟಿದ್ದರೆ ಅದಾಗಿಯೇ ಸುಟ್ಟಿದೆಯೇ ಎಂದು ನೋಡುವ ಕೆಲಸ. ಅನುಮಾನಪಡುವುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದೆ. ಎದುರುಮನೆಗೆ ಧಾರವಾಡ ಕಡೆಯ ಬ್ಯಾಂಕ್ ಆಫೀಸರೊಬ್ಬರು ವರ್ಗವಾಗಿ ಬಂದಾಗ, ಕನ್ನಡ ಕಿವಿಗೆ ಬಿತ್ತಲ್ಲ ಎಂದು ನನ್ನ ಹೆಂಡತಿ ಹಿಗ್ಗಿದಳು. ಐವತ್ತು ದಾಟಿದ ಹೆಂಗಸು ಒಬ್ಬರೇ ಯಾಕೆ ಬಂದರು ಎಂದು ನಾನು ಯೋಚಿಸಿದೆ.

ಗಿಡ್ಡ ಆಳು, ದಪ್ಪ ಕನ್ನಡಕ, ಗಂಜಿ ಹಾಕಿದ ಇಳಕಲ್ ಸೀರೆ. ನಮ್ಮ ಮನೆಯಿಂದ ಹುಳಿಪುಡಿ ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಂದ ಶೇಂಗಾ ಚಟ್ನಿ ಇಲ್ಲಿಗೆ ಬರುತ್ತಿತ್ತು. ಅವರ ಬ್ಯಾಂಕೂ ಅಲ್ಕಾಪುರಿಯಲ್ಲೇ. ಬೆಳಿಗ್ಗೆ ನಾನು ಶೇರ್ ಆಟೋಕ್ಕಾಗಿ ಒದ್ದಾಡುವುದನ್ನು ನೋಡಿ, "ನನ್ನ ಗಾಡ್ಯಾಗ ಬರ್ರಿ ಸರ, ಹಾದಿ ಒಂದ ಅದ" ಎಂದರು. ಗಾಡಿ ಎಂದರೆ ನಾನು ಒಂದು ಸಣ್ಣ ಬಿಳಿ ಕಾರನ್ನು ಊಹಿಸಿಕೊಂಡಿದ್ದೆ. ಪಾರ್ಕಿಂಗ್‌ನಲ್ಲಿ ನಿಂತಿದ್ದದ್ದು ಅಹಮದಾಬಾದಿನಿಂದ ಕೊಂಡು ತಂದಿದ್ದ, ಬಣ್ಣ ಮಾಸಿದ ಬೂದು ಜರ್ಮನ್ ಕಾರು. ಸೆಕೆಂಡ್ ಹ್ಯಾಂಡು, ಪೆಟ್ರೋಲು, ಟರ್ಬೊ. ಆಕ್ಸಿಲರೇಟರ್ ಒತ್ತಿದರೆ ಕುಕ್ಕರ್ ಸೀಟಿ ಹೊಡೆಯುವ ಮೊದಲು ಉಸಿರೆಳೆಯುತ್ತದಲ್ಲ, ಹಾಗೆ ಮುಂದೆ ಏನೋ ಉಸಿರೆಳೆಯುತ್ತಿತ್ತು. ಮರುಕ್ಷಣ ನನ್ನ ಬೆನ್ನು ಸೀಟಿಗೆ ಅಂಟುತ್ತಿತ್ತು. ಮೇಡಂ ಮಾತ್ರ ಪಾಸ್‌ಬುಕ್ಕಿಗೆ ಮೊಹರು ಒತ್ತುವವರ ಮುಖಭಾವದಲ್ಲಿ ಗೇರು ಬದಲಿಸುತ್ತಿದ್ದರು.

ಕೆಲವು ತಿಂಗಳಲ್ಲಿ ಆ ಕಾರಿನಲ್ಲಿ ಒಂದೊಂದಾಗಿ ಬದಲಾವಣೆಗಳು ಶುರುವಾದವು.

ಮೊದಲು ಹಿಂದಿನ ಸೀಟು ಹೋಯಿತು. ಒಂದು ಸೋಮವಾರ ತಿರುಗಿ ನೋಡಿದರೆ ಅಲ್ಲಿ ಬರೀ ತಗಡು. ಸೀಟು ಅವರ ಹಾಲಿನಲ್ಲಿ ಗೋಡೆಗೆ ಒರಗಿ ಕುಳಿತಿತ್ತು. ಹೋದವರೆಲ್ಲ ಸೋಫಾ ಎಂದುಕೊಂಡು ಅದರ ಮೇಲೆ ಕುಳಿತು, ಬೆಲ್ಟಿನ ಕೊಂಡಿ ಚುಚ್ಚಿಸಿಕೊಂಡು ಏಳುತ್ತಿದ್ದರು. ಆಮೇಲೆ ಗೋರ್ವಾದ ಕಾರ್ಖಾನೆಗಳ ಸಾಲಿನಲ್ಲಿದ್ದ ಗ್ಯಾರೇಜಿನಲ್ಲಿ ಸ್ಪ್ರಿಂಗುಗಳನ್ನು ತೆಗೆಸಿ ಗಟ್ಟಿಯವನ್ನು ಹಾಕಿಸಿದರು. ಅಂದಿನಿಂದ ಪ್ರತಿ ಉಬ್ಬಿನಲ್ಲೂ ನನ್ನ ಡಬ್ಬಿಯ ಸಾರು ಚೀಲಕ್ಕೆ ಇಳಿಯುತ್ತಿತ್ತು. ಬೇರೆ ಯಾವ ಟೈರೂ ಸವೆಯದೆ ಹಿಂದಿನ ಎರಡು ಮಾತ್ರ ಬೋಳಾಗತೊಡಗಿದವು. ಹ್ಯಾಂಡ್‌ಬ್ರೇಕಿನ ಪಕ್ಕ ಇನ್ನೊಂದು ಉದ್ದ ಹಿಡಿ ಎದ್ದು ನಿಂತಿತು. ಅದನ್ನು ಮುಟ್ಟಿದರೆ ಏನಾಗುತ್ತದೆಂದು ನಾನು ಕೇಳಲಿಲ್ಲ, ಮೊಣಕಾಲನ್ನು ಅದರಿಂದ ದೂರ ಇಟ್ಟುಕೊಂಡು ಕೂರುತ್ತಿದ್ದೆ. ಇದರ ಮೇಲೆ, ತಿಂಗಳಲ್ಲಿ ಒಂದೆರಡು ಭಾನುವಾರ ಅವರು ನಸುಕಿನಲ್ಲೇ ಸೂರತ್ ದಿಕ್ಕಿಗೆ ಹೊರಟುಬಿಡುತ್ತಿದ್ದರು. ಸಂಜೆ ಬಂದಾಗ ಕಾರಿನ ಹಿಂಭಾಗವೆಲ್ಲ ಕಪ್ಪು ಧೂಳು, ಸುಟ್ಟ ವಾಸನೆ.

ಗುಜರಾತಿನಲ್ಲಿ ಬಾಳಿದವರಿಗೆ ಇಷ್ಟು ಸಾಕು. ಇಲ್ಲಿ ಪಾನನಿಷೇಧ. ಸೂರತ್ ದಾಟಿ ಇನ್ನಷ್ಟು ದಕ್ಷಿಣಕ್ಕೆ ಹೋದರೆ ದಮನ್, ಅಲ್ಲಿ ನಿಷೇಧವಿಲ್ಲ. ಹಿಂದಿನ ಸೀಟು ತೆಗೆದರೆ ಪೆಟ್ಟಿಗೆ ಇಡಲು ಜಾಗ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಭಾರಕ್ಕೆ ಕಾರಿನ ಹಿಂಭಾಗ ಕುಸಿದು ಪೊಲೀಸರ ಕಣ್ಣಿಗೆ ಬೀಳುವುದಿಲ್ಲ. ಭಾರ ಹೊತ್ತದ್ದರಿಂದಲೇ ಹಿಂದಿನ ಟೈರು ಸವೆಯುವುದು. ಬೆನ್ನಟ್ಟಿದರೆ ತಪ್ಪಿಸಿಕೊಳ್ಳಲು ಟರ್ಬೊ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಸಾಕ್ಷ್ಯ ನನ್ನ ಇಡೀ ನೌಕರಿಯಲ್ಲಿ ಯಾವ ಕ್ಲೇಮಿನಲ್ಲೂ ಸಿಕ್ಕಿರಲಿಲ್ಲ. ದಿನಾ ಬೆಳಿಗ್ಗೆ ಅದೇ ಕಾರಿನ ಮುಂದಿನ ಸೀಟಿನಲ್ಲಿ ನಾನು, ಕುತ್ತಿಗೆಯಲ್ಲಿ ಕಚೇರಿಯ ಗುರುತಿನ ಚೀಟಿ ನೇತುಹಾಕಿಕೊಂಡು. ಬಾಗಿಲು ತೆರೆದ ಕೂಡಲೇ ಮೆಲ್ಲಗೆ ಮೂಸುತ್ತಿದ್ದೆ. ಅವರ ತಲೆಗೆಣ್ಣೆಯ ವಾಸನೆ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ವಾಸನೆಯೇ ಬಾರದ ಹಾಗೆ ಪ್ಯಾಕ್ ಮಾಡುತ್ತಾರೆಂದರೆ ಎಷ್ಟು ಪಳಗಿದವರಿರಬೇಕು ಎಂದುಕೊಂಡೆ.

ಹೆಂಡತಿಗೆ ಹೇಳಿದೆ. ಅವಳು ದೋಸೆ ತಿರುವಿ ಹಾಕುತ್ತ, "ಹಂಗಿದ್ರೆ ಆಟೋಲಿ ಹೋಗಿ" ಎಂದಳು. ಆಟೋದವರ ಮೇಲೂ ನನಗೆ ಅನುಮಾನಗಳಿದ್ದವು.

ನನಗೊಬ್ಬನಿಗೇ ಅಲ್ಲ, ಸೊಸೈಟಿಗೂ ಅನುಮಾನ ಬಂದಿತ್ತು. ಪಾರ್ಕಿಂಗ್‌ನಲ್ಲಿ ಕಾರು ತಿರುಗಿಸುವಾಗಲೆಲ್ಲ ಹಿಂದಿನ ಚಕ್ರಗಳು ನೆಲ ಕೆರೆದು ಕಿರ್ರೆನ್ನುತ್ತಿದ್ದವು. ಆ ಸದ್ದಿಗೆ ಮೂರೂ ಮಹಡಿಯವರು ಕಟಾಂಜನಕ್ಕೆ ಬಂದು ನಿಲ್ಲುತ್ತಿದ್ದರು. ಸೆಕ್ರೆಟರಿ ಕಾಕಾ ಎಂದು ನಾವೆಲ್ಲ ಕರೆಯುತ್ತಿದ್ದ ಹಿರಿಯರೊಬ್ಬರು ನನ್ನನ್ನು ಲಿಫ್ಟಿನ ಹತ್ತಿರ ತಡೆದರು. "ಸಾಹೇಬ್, ಆಪ್ ಕೇ ಗಾಂವ್ ವಾಲೀ ಹೈ. ಪತಾ ಕರೋ" ಎಂದರು, ನಿಮ್ಮ ಊರಿನವರು, ನೀವೇ ವಿಚಾರಿಸಿ ಎಂದು. ಕಮಿಟಿ ಮುಂದಿನ ಭಾನುವಾರ ಸಂಜೆ ಸೇರಲಿದೆ. ಅನುಮಾನ ನಿಜವಾಗಿದ್ದರೆ ಮನೆ ಮಾಲೀಕರಿಗೆ ಹೇಳಿ ಆ ಬೆನ್, ಅಂದರೆ ಮೇಡಂ ಅವರನ್ನು ಖಾಲಿ ಮಾಡಿಸುವುದು, ಅಷ್ಟರಲ್ಲಿ ನಾನು ವಿಷಯ ತಿಳಿದು ಹೇಳುವುದು. ಧಾರವಾಡಕ್ಕೂ ನಮ್ಮ ತುಮಕೂರಿಗೂ ಎಷ್ಟು ದೂರ ಎಂದು ಅವರಿಗೆ ವಿವರಿಸಲು ಹೋಗಲಿಲ್ಲ. ಒಂಟಿ ಹೆಂಗಸಿಗೆ, ಅದೂ ಇಂಥ ಮಾತು ಹೊತ್ತು ಹೊರಬಿದ್ದವರಿಗೆ, ಆ ಊರಿನಲ್ಲಿ ಇನ್ನೊಂದು ಮನೆ ಸಿಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಕಾಕಾಗೂ ಗೊತ್ತಿತ್ತು.

ಆ ಭಾನುವಾರ ನಸುಕಿನಲ್ಲಿ ನಾನೇ ಅವರ ಬಾಗಿಲು ತಟ್ಟಿ, ಸೂರತ್‌ನಲ್ಲಿ ನನಗೂ ಸ್ವಲ್ಪ ಕೆಲಸವಿದೆ, ಬರಲೇ ಎಂದೆ. ಮೇಡಂ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೀಲಿ ನನ್ನ ಕೈಗೆ ಕೊಟ್ಟು, "ಮೊದಲ ಡಿಕ್ಕಿ ತಗದು ನೋಡ್ರಿ. ಹಾದಿ ತುಂಬ ಮೂಸಕೋತ ಬರೂದು ಬ್ಯಾಡ" ಎಂದರು.

ಡಿಕ್ಕಿಯಲ್ಲಿ ಎರಡು ಟೈರು, ಒಂದು ಜಾಕು, ಬಣ್ಣದ ನೀರು ತುಂಬಿದ ಕ್ಯಾನು ಇದ್ದವು. ಭರೂಚ್ ದಾಟಿದ ಮೇಲೆ ಪೊಲೀಸರು ಕೈ ತೋರಿಸಿ ನಿಲ್ಲಿಸಿದಾಗ ನನಗೆ ಆ ಕ್ಯಾನಿನದೇ ಚಿಂತೆ. ಒಬ್ಬ ಪೇದೆ ಅದರ ಮುಚ್ಚಳ ತೆಗೆದು ಮೂಸಿ, ಮುಖ ಸಿಂಡರಿಸಿದ. "ಆ ಶುಂ ಛೇ, ಬೆನ್?" ಎಂದು, ಇದೇನೆಂದು ಕೇಳಿದ. ಇಂಜಿನ್ ಕಾಯದ ಹಾಗೆ ರೇಡಿಯೇಟರಿಗೆ ಹಾಕುವುದು ಎಂದರು ಮೇಡಂ. ಅವನು ಅವರ ಸೀರೆಯನ್ನು ನೋಡಿದ, ಇಲ್ಲದ ಹಿಂದಿನ ಸೀಟನ್ನು ನೋಡಿದ, ಕೊನೆಗೆ ಬೆವರುತ್ತಿದ್ದ ನನ್ನನ್ನು ಬಹಳ ಹೊತ್ತು ನೋಡಿದ. ನನ್ನ ಚೀಲ ಬಿಚ್ಚಿಸಿದ. ಚೀಲದಲ್ಲಿ ಎರಡು ಚಪಾತಿಯೂ ಬಿಪಿ ಮಾತ್ರೆಯೂ ಇದ್ದವು.

ಸೂರತ್ ಹೊರವಲಯದಲ್ಲಿ, ಬಾಗಿಲು ಮುಚ್ಚಿದ ಬಟ್ಟೆಗಿರಣಿಯೊಂದರ ವಿಶಾಲ ಕಾಂಕ್ರೀಟ್ ಅಂಗಳ. ಹಿಂದೆ ಲಾರಿಗಳಿಗೆ ಬಟ್ಟೆಯ ಥಾನು ಹೇರುತ್ತಿದ್ದ ಜಾಗ. ಭಾನುವಾರಗಳಲ್ಲಿ ಅದನ್ನು ಕಾರಿನ ಹುಚ್ಚಿನವರು ಬಾಡಿಗೆಗೆ ಹಿಡಿಯುತ್ತಿದ್ದರಂತೆ. ಅಲ್ಲಿದ್ದವರೆಲ್ಲ ಮೇಡಂ ಅವರ ಅರ್ಧ ವಯಸ್ಸಿನವರು. ಯಾರೂ ಆಶ್ಚರ್ಯಪಡಲಿಲ್ಲ, ಬದಿಗೆ ಸರಿದು ಜಾಗ ಬಿಟ್ಟರು. ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನಗೊಂದು ಹೆಲ್ಮೆಟ್ಟು ಕೊಟ್ಟು, ಬೆಲ್ಟು ಬಿಗಿದರು.

ಆಮೇಲೆ ನಡೆದದ್ದನ್ನು ಸರಿಯಾಗಿ ವಿವರಿಸಲಾರೆ. ಟರ್ಬೊ ಉಸಿರೆಳೆಯಿತು. ಮೇಡಂ ಆ ಉದ್ದ ಹಿಡಿಯನ್ನು ಎಳೆದರು. ಕಾರಿನ ಹಿಂಭಾಗ ನಮ್ಮನ್ನು ಬಿಟ್ಟು ಬೇರೆಲ್ಲೋ ಹೊರಟಿತು, ಸ್ಟಿಯರಿಂಗ್ ಒಂದು ಕಡೆಗೆ, ಕಾರು ಇನ್ನೊಂದು ಕಡೆಗೆ. ಗಿರಣಿಯ ಚಿಮಣಿ ಕಿಟಕಿಯಲ್ಲಿ ಅಡ್ಡಡ್ಡ ಓಡುತ್ತಿತ್ತು. ಸುತ್ತಲೂ ಬಿಳಿ ಹೊಗೆ, ಆ ವಾಸನೆ...

"ಗಾಡಿ ಜಾರೋ ಕಡೆ ನೋಡಬ್ಯಾಡ್ರಿ ಸರ, ಹೋಗಬೇಕಾದ ಕಡೆ ನೋಡ್ರಿ" ಎಂದರು ಮೇಡಂ. ನಾನು ಎರಡೂ ಕಡೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಮನೆದೇವರಿಗೆ ಹರಕೆ ಹೊರುತ್ತಿದ್ದೆ.

ಹಿಂದಿರುಗುವಾಗ ಹೆದ್ದಾರಿಯ ಬದಿಯಲ್ಲಿ ಚಹಾ ಕುಡಿಯುತ್ತ ಎಲ್ಲ ಬಿಡಿಸಿ ಹೇಳಿದರು. ಕಾರನ್ನು ಬೇಕೆಂದೇ ಜಾರಿಸುವ ಈ ಆಟಕ್ಕೆ ಡ್ರಿಫ್ಟಿಂಗ್ ಎನ್ನುತ್ತಾರಂತೆ. ಭಾರ ಇಳಿಸಲು ಸೀಟು ತೆಗೆದದ್ದು. ತೂಗಾಡದಿರಲೆಂದು ಗಟ್ಟಿ ಸ್ಪ್ರಿಂಗು. ಜಾರುವುದು ಹಿಂದಿನ ಚಕ್ರ, ಅದಕ್ಕೇ ಸವೆಯುವುದೂ ಹಿಂದಿನದೇ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಲೆಂದು ಒಳಗೆ ಬೆಸುಗೆ ಹಾಕಿಸಿದ್ದರಿಂದ ಪಾರ್ಕಿಂಗ್‌ನಲ್ಲಿ ಕಿರ್ ಎನ್ನುವುದು. ನನ್ನ ಸಾಕ್ಷ್ಯಗಳೆಲ್ಲ ಒಂದೊಂದಾಗಿ ಕೈಬಿಟ್ಟವು. ಆದರೂ ಕಸುಬು ಬಿಡಬೇಕಲ್ಲ. ಇದರ ಹಿಂದೆ ಯಾವುದೋ ದುಃಖ ಇರಲೇಬೇಕು ಎಂದುಕೊಂಡು, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸಿದೆ.

ಮೇಡಂ ಚಹಾದ ಲೋಟ ಕೆಳಗಿಟ್ಟರು. "ನಾ ಖುಷಿಯಾಗಿರಾಕ ಯಾರರ ಸಾಯಬೇಕೇನ್ರಿ?" ಎಂದರು. ಲೋಟ ಮತ್ತೆ ಎತ್ತಿಕೊಂಡು ತಾವೇ ಹೇಳಿದರು: "ಬ್ಯಾಂಕಿನ್ಯಾಗ ದಿನಾ ಎಲ್ಲಾ ಸರಿ ಕೂಡಬೇಕು. ಇಲ್ಲಿ ಜಾರತದ. ಜಾರಿದ ಮ್ಯಾಲ ಹಿಡೀತೀನಿ. ಅಷ್ಟ."

ಸಂಜೆ ಕಮಿಟಿಯ ಮುಂದೆ ನಿಂತು, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಒಬ್ಬರು, "ಗೋಲ್ ಗೋಲ್?" ಎನ್ನುತ್ತ ಗಾಳಿಯಲ್ಲಿ ಬೆರಳು ಸುತ್ತಿಸಿದರು. ಹೌದು ಎಂದೆ. ಅಷ್ಟು ದೂರ ಹೋಗಿ, ಪೆಟ್ರೋಲ್ ಸುಟ್ಟು, ಟೈರ್ ಸುಟ್ಟು, ಹೊರಟಲ್ಲಿಗೇ ಬಂದು ನಿಲ್ಲುವುದೇ ಎಂದು ಇನ್ನೊಬ್ಬರು ಕೇಳಿದರು. ಹೌದು ಎಂದೆ. ಅದರಿಂದ ಸಿಗುವುದೇನು? ಏನೂ ಇಲ್ಲ ಎಂದೆ. ಆ 'ಏನೂ ಇಲ್ಲ' ನನ್ನನ್ನು ಮುಳುಗಿಸಿತು. ಅಲ್ಲಿದ್ದ ಎಲ್ಲ ಮುಖಗಳಲ್ಲೂ ನನಗೆ ಬಹಳ ಪರಿಚಯದ ಒಂದು ನೋಟ ಮೂಡಿತು. ಸುಟ್ಟ ಅಂಗಡಿಯವರನ್ನು ನಾನು ನೋಡುತ್ತಿದ್ದ ನೋಟ. ಈಗ ಅವರ ಲೆಕ್ಕದಲ್ಲಿ ಆ ಮದ್ಯದ ದಂಧೆಯಲ್ಲಿ ನಾನೂ ಪಾಲುದಾರ.

ಸಭೆ ಮುಗಿದ ಮೇಲೆ ಸೆಕ್ರೆಟರಿ ಕಾಕಾ ನನ್ನನ್ನು ಮೀಟರ್ ಪೆಟ್ಟಿಗೆಗಳ ಮರೆಗೆ ಕರೆದೊಯ್ದರು. ಮನೆ ಖಾಲಿ ಮಾಡಿಸುವ ಮಾತು ಬರುತ್ತದೆಂದು ಗಟ್ಟಿಮಾಡಿಕೊಂಡೆ. ಕಾಕಾ ಅತ್ತಿತ್ತ ನೋಡಿ, ತಮ್ಮ ಮೊಣಕಾಲು ಸವರಿದರು. "ಸಾಹೇಬ್, ಘುಟನೇ ಮೇ ಬಹುತ್ ದರ್ದ್ ಹೈ. ಠಂಡೀ ಮೇ ಥೋಡಾ ಬ್ರಾಂಡಿ ಲಗಾನೇ ಕೋ ಬೋಲಾ ಹೈ... ಬೆನ್ ಕೋ ಬೋಲೋ ನಾ" ಎಂದರು. ಮೊಣಕಾಲು ನೋವಿಗೆ ಹಚ್ಚಲು ಮೇಡಂ ಕಡೆಯಿಂದ ಸ್ವಲ್ಪ ಬ್ರಾಂಡಿ ಬೇಕಂತೆ.

ಮೇಡಂ ಅವರಿಗೆ ಇದನ್ನು ಹೇಳಿದಾಗ ಆ ಹಿಂದಿನ ಸೀಟಿನ ಮೇಲೆ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಸೂರತ್‌ಗೆ ಹೋದಾಗಲೆಲ್ಲ ಕಾಕಾಗೆ ಒಂದು ಡಬ್ಬಿ ಘಾರಿ ತರುತ್ತಿದ್ದರು. ತುಪ್ಪ ಸುರಿಯುವ ಆ ಸಿಹಿಯ ಡಬ್ಬಿಯನ್ನು ಕಾಕಾ ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಕಿವಿಗೊಟ್ಟು ಕೇಳುತ್ತಿದ್ದರು. ಈ ಸಲ ಬಾಟಲಿ ಇಲ್ಲ, ಬಹುಶಃ ಮುಂದಿನ ಸಲ. ನಾನು ಹೇಳಿದ ನಿಜದಿಂದ ಮೇಡಂ ಅವರ ಮನೆ ಉಳಿಯಲಿಲ್ಲ, ಕಾಕಾ ಅವರ ಆಸೆಯಿಂದ ಉಳಿಯಿತು. ನಿವೃತ್ತಿಯವರೆಗೂ ಅವರು ಅಲ್ಲೇ ಇದ್ದರು. ನಾನೂ ಅದೇ ಕಾರಿನಲ್ಲಿ, ಊಟದ ಡಬ್ಬಿಯನ್ನು ಎದೆಗವಚಿಕೊಂಡು, ಅಲ್ಕಾಪುರಿಗೆ ಹೋಗಿ ಬರುತ್ತಿದ್ದೆ. ಒಮ್ಮೆ, ಖಾಲಿ ರಸ್ತೆಯ ವೃತ್ತವೊಂದರಲ್ಲಿ, ಹಿಂಭಾಗ ತುಸು ಜಾರಿದಾಗ, ಕಣ್ಣು ತೆರೆದೇ ಇಟ್ಟಿದ್ದೆ... ಒಂದೇ ಒಂದು ಸಲ.

ಮೇಡಂ ಧಾರವಾಡಕ್ಕೆ ಹೊರಟ ದಿನ ಸೀಟನ್ನು ನಮ್ಮ ಮನೆಗೆ ಹೊರಿಸಿ ತಂದರು. "ಇದನ್ನ ಒಯ್ದರ ಮನ್ಯಾಗ ತಿರುಗಿ ಗಾಡ್ಯಾಗ ಕೂಡಸು ಅಂತಾರ್ರಿ. ನಿಮ್ಮ ಹತ್ರ ಇರಲಿ" ಎಂದರು. ನಮಗೆ ಅಹಮದಾಬಾದಿಗೆ ವರ್ಗವಾದಾಗ ಅದೂ ಲಾರಿಯಲ್ಲಿ ಬಂತು. ಹೆಂಡತಿ ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿ ಬಾಲ್ಕನಿಗೆ ಹಾಕಿದಳು.

ಹೋದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರೆಂದು ಅವರ ತಮ್ಮನಿಂದ ಸುದ್ದಿ ಬಂದಾಗ ನನಗೆ ಮೊದಲು ಹೊಳೆದದ್ದು ಕಾರು. ಅಲ್ಲವಂತೆ. ನಿದ್ದೆಯಲ್ಲಿ ಹೃದಯ ನಿಂತಿತಂತೆ. ಕಾರು ಶೆಡ್ಡಿನಲ್ಲಿ ನಿಂತೇ ಇತ್ತಂತೆ. ಇಷ್ಟು ವರ್ಷ ನಾನು ತಪ್ಪು ವಸ್ತುವಿಗೆ ಹೆದರಿದ್ದೆ.

ಹೋಳಿಯ ಮಾರನೆಯ ದಿನ, ಆ ರಬ್ಬರಿನ ವಾಸನೆ ಇನ್ನೂ ಆರದಿರುವಾಗಲೇ, ಅದೇ ತಮ್ಮನ ಫೋನು ಬಂತು. ನಿಜವಾಗಿ ತಮ್ಮನೇ ಹೌದೋ ಅಲ್ಲವೋ ಎಂದು ಎರಡು ಪ್ರಶ್ನೆ ಕೇಳಿ ಖಾತ್ರಿಪಡಿಸಿಕೊಂಡೆ. ಕಾರಿಗೊಬ್ಬ ಗಿರಾಕಿ ಬಂದಿದ್ದಾನಂತೆ, ಮನೆಮಂದಿ ಓಡಾಡಲು ಬೇಕಂತೆ. "ಹೊಳ್ಳಸೂ ಮುಂದ ಹಿಂದಿನ ಗಾಲಿ ಕಿರ್ ಅಂತಾವ್ರಿ, ಯಾಕಂತ ಮೆಕ್ಯಾನಿಕ್ಕಿಗೂ ತಿಳೀವಲ್ದು. ಅದೂ ಇರಲಿ ಅಂತಾನ. ಆದ್ರ ಹಿಂದಿನ ಸೀಟ ಇಲ್ಲ ನೋಡ್ರಿ, ಸೀಟಿಲ್ದ ನಾ ಒಯ್ಯಂಗಿಲ್ಲ ಅಂತ ಕುಂತಾನ. ಅಕ್ಕ ನಿಮ್ಮ ಹತ್ರ ಏನರ ಇಟ್ಟಾಳೇನ್ರಿ?"

ಒಳಗೆ ಕುಕ್ಕರ್ ಉಸಿರೆಳೆಯುತ್ತಿತ್ತು. ಬೆಲ್ಟಿನ ಕೊಂಡಿ ಎಂದಿನಂತೆ ತೊಡೆಗೆ ಚುಚ್ಚುತ್ತಿತ್ತು.

ಇಲ್ಲವಲ್ಲ, ಯಾವ ಸೀಟು, ನನಗೆ ಗೊತ್ತೇ ಇಲ್ಲ ಎಂದೆ. ತಮ್ಮ ನನ್ನ ಮಾತನ್ನು ತಕ್ಷಣ ನಂಬಿದ. ಫೋನು ಇಟ್ಟ ಮೇಲೂ ನಾನು ಆ ಸೀಟಿನ ಮೇಲೇ ಕುಳಿತಿದ್ದೆ.