ಬರೆ ಆರುವವರೆಗೆ ಕಾದ ಮಲ್ಲವ್ವ

೧೯೮೨ರ ಬೇಸಿಗೆ. ರಾಯಚೂರು ನಗರದ ನಲವತ್ತು ಹಾಸಿಗೆಗಳ ಆಸ್ಪತ್ರೆಯೊಂದರಲ್ಲಿ ನಾನೊಬ್ಬನೇ ಶಸ್ತ್ರವೈದ್ಯ. ಪಿತ್ತಕೋಶ ತೆಗೆಯುವುದರಲ್ಲಿ ನನ್ನ ಕೈ ಪಳಗಿದೆಯೆಂಬ ಹಮ್ಮು ನನಗಿತ್ತು, ಸುಳ್ಳೇಕೆ ಹೇಳಲಿ. ಹೊಟ್ಟೆಗೆ ಸಣ್ಣ ತೂತು ಹಾಕಿ ಕ್ಯಾಮೆರಾದಲ್ಲಿ ನೋಡುತ್ತ ಮಾಡುವ ಲ್ಯಾಪರೊಸ್ಕೋಪಿ ಆಗ ನಮ್ಮ ಕಡೆ ಇರಲಿಲ್ಲ. ಸ್ಕ್ಯಾನಿಂಗ್ ಕೂಡ ಇರಲಿಲ್ಲ. ಹೊಟ್ಟೆ ಕೊಯ್ದೇ ನೋಡಬೇಕಿತ್ತು.

ಕೊಯ್ಯಲು ಮುಖ್ಯವಾಗಿ ಎರಡು ದಾರಿ. ಬಲ ಪಕ್ಕೆಲುಬಿನ ಕೆಳಗೆ ಓರೆಯಾಗಿ ಕೊಯ್ದರೆ ಪಿತ್ತಕೋಶ ನೇರ ಕಣ್ಣೆದುರಿಗೆ ಬರುತ್ತದೆ. ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದರೆ ಬೇಗ ಒಳಗೆ ಹೋಗಬಹುದು, ಆದರೆ ಯಕೃತ್ತನ್ನು ಎತ್ತಿ ಹಿಡಿದು, ಇಣುಕಿ ನೋಡುತ್ತ ಕೆಲಸ ಮಾಡಬೇಕು. ನಾನು ಓರೆ ಕೊಯ್ತದ ಪಕ್ಷದವನು.

ಒಂದು ಮಧ್ಯಾಹ್ನ ಮಸರಕಲ್‌ನ ಕುರಿಗಾರ ಬೀರಪ್ಪ ಹೆಂಡತಿ ಮಲ್ಲವ್ವನನ್ನು ಹೊತ್ತು ತಂದ. ನಲವತ್ತರ ಹೆಂಗಸು. ಜ್ವರ ನೂರಾಮೂರು, ನಾಡಿ ನೂರಾಮೂವತ್ತು. ಪಿತ್ತಕೋಶದಲ್ಲಿ ಕೀವು ತುಂಬಿದೆ, ಒಡೆದರೆ ಉಳಿಯುವುದು ಕಷ್ಟ ಎಂದು ಮುಟ್ಟಿದೊಡನೆ ಅನ್ನಿಸಿತು. ಸೆರಗು ಸರಿಸಿದರೆ, ನಾನು ಕೊಯ್ಯಬೇಕಾದ ಜಾಗದಲ್ಲೇ ಸಾಲಾಗಿ ಮೂರು ಬರೆ. ಎರಡು ಒಣಗಿದ್ದವು, ಮೂರನೆಯದು ಕೀವಾಗಿತ್ತು. ಕುರಿಗೆ ಹೊಟ್ಟೆ ಉಬ್ಬಿದಾಗ ಕಾಸಿ ಹಾಕುವ ಕಬ್ಬಿಣವನ್ನೇ ಬೀರಪ್ಪ ಹೆಂಡತಿಗೂ ಹಾಕಿದ್ದ.

"ನೋವು ಬಂದು ಎಷ್ಟು ದಿನ ಆತು?" ಎಂದೆ.

"ಒಂಬತ್ತು ದಿನ ಆತ್ರೀ."

"ಒಂಬತ್ತು ದಿನ ಏನ್ ಮಾಡಾಕತ್ತಿದ್ದಿ? ಹೇಂತಿ ಅಂದ್ರ ಕುರಿ ಅಂತ ತಿಳದಿಯೇನು?"

ವಾರ್ಡಿಗೆಲ್ಲ ಕೇಳುವಂತೆ ಕೂಗಾಡಿದೆ. ಆತ ರುಮಾಲು ತೆಗೆದು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತ.

ಕೀವಾದ ಬರೆಯ ಮೇಲೆ ಚಾಕು ಇಟ್ಟರೆ ಆ ಕೀವನ್ನು ನಾನೇ ಒಳಗೆ ಒಯ್ದಂತೆ. ಒಲ್ಲದ ಮನಸ್ಸಿನಿಂದ ನಡುವೆ ಕೊಯ್ದೆ. ರಕ್ತ ಇದ್ದದ್ದು ಒಂದೇ ಬಾಟಲಿ, ಅದೂ ಬೀರಪ್ಪ ಕೊಟ್ಟದ್ದು.

ಒಳಗೆ ಕರುಳು, ಕೊಬ್ಬು, ಪಿತ್ತಕೋಶ ಎಲ್ಲ ಅಂಟಿಕೊಂಡು ಮುದ್ದೆಯಾಗಿದ್ದವು. ರೂಢಿಯಂತೆ ಮೊದಲು ಪಿತ್ತಕೋಶದ ಬುಡದ ನಾಳವನ್ನು, ಅಂದರೆ ಸಿಸ್ಟಿಕ್ ಡಕ್ಟನ್ನು, ಹುಡುಕಿ ಕಟ್ಟಲು ಹೋದೆ. ನಾಳ ಸಿಗಲಿಲ್ಲ, ರಕ್ತ ಚಿಮ್ಮಿತು. ಒತ್ತಿ ಹಿಡಿದು ನಿಲ್ಲಿಸಿದೆ. ತುದಿಯಿಂದ ಬಿಡಿಸುತ್ತ ಬುಡಕ್ಕೆ ಬರುವ ಇನ್ನೊಂದು ಕ್ರಮಕ್ಕೆ ಹೊರಳಿದೆ. ಯಕೃತ್ತಿನ ಕಡೆಯಿಂದ ಮತ್ತೆ ರಕ್ತ. ಬಟ್ಟೆ ತುರುಕಿ ಒತ್ತಿ ಹಿಡಿದೆ. ದೇವರೇ, ಈಕೆ ಟೇಬಲ್ ಮೇಲೇ ಹೋಗುತ್ತಾಳೆ ಅಂದುಕೊಂಡೆ.

"ಸರ್, ಬಿ.ಪಿ. ಅರವತ್ತಕ್ಕ ಬಂತು. ಇನ್ನ ತಡಕೊಳ್ಳಂಗಿಲ್ಲ, ಮುಗಸ್ರಿ," ಎಂದರು ಅರಿವಳಿಕೆ ಕೊಡುತ್ತಿದ್ದ ಡಾ. ಸುಲೋಚನಾ.

ತೆಗೆಯುವ ಆಸೆ ಬಿಟ್ಟೆ. ಪಿತ್ತಕೋಶದ ತುದಿಗೆ ತೂತು ಮಾಡಿ ಕೀವು ಹೀರಿ, ಸಿಕ್ಕ ಏಳು ಕಲ್ಲು ತೆಗೆದು, ರಬ್ಬರ್ ನಳಿಕೆ ಇಟ್ಟು ಹೊಲಿದೆ. ಕೋಲಿಸಿಸ್ಟಾಸ್ಟಮಿ ಎಂಬ ಈ ವಿಧಾನವನ್ನು ಕೈಲಾಗದವರ ಆಪರೇಷನ್ ಎಂದು ನಾನು ಹಂಗಿಸುತ್ತಿದ್ದೆ. ಆ ದಿನ ಕೈಲಾಗದವನು ನಾನೇ.

ಮೂರು ದಿನ ಆಕೆ ಇಂದೋ ನಾಳೆಯೋ ಎಂಬಂತಿದ್ದಳು. ನಾಲ್ಕನೆಯ ದಿನ ಜ್ವರ ಇಳಿದು ಗಂಜಿ ಕೇಳಿದಳು. ನನಗೆ ಕಣ್ಣು ತುಂಬಿ ಬಂತು. ಆ ಖುಷಿಯಲ್ಲೇ ಬೀರಪ್ಪನನ್ನು ಕೇಳಿದೆ: "ಮೊದಲೇ ತಂದಿದ್ರ ಇಷ್ಟೆಲ್ಲ ಆಗ್ತಿರಲಿಲ್ಲ. ಯಾಕಪ್ಪ ತಡ ಮಾಡಿದಿ?"

"ಎರಡನೇ ದಿನಾನೇ ಬಂಡಿ ಹೂಡಿದ್ದೆ ಯಪ್ಪಾ. ಇಕಿನೇ ಬ್ಯಾಡ ಅಂದ್ಲು. ಹ್ವಾದ ವರ್ಷ ಮಾನ್ವಿಗೆ ನೀವು ಬಂದಿದ್ದ ದವಾಖಾನಿ ಕ್ಯಾಂಪಿನ್ಯಾಗ ಇಕಿ ತಂಗಿ ಹೊಟ್ಟಿ ಮ್ಯಾಲಿನ ಬರಿ ನೋಡಿ ನೀವು ಮಂದಿ ಮುಂದ ಬೈದ್ರಿ. ಆಕಿ ಎದ್ದು ತನ್ನೂರು ಕಲ್ಲೂರಿಗೆ ಹ್ವಾದಾಕಿ ಮತ್ತ ದವಾಖಾನಿ ಕಡಿ ಬರಲಿಲ್ಲ. ಅದಕ್ಕ ಇಕಿ, ಬರಿ ಆರಿದ ಮ್ಯಾಲ ಹೋಗೂಣು ಅಂತ ಹಲ್ಲು ಕಚ್ಚಿ ಮಲಗಿದ್ಲ್ರಿ."

"ಆ ತಂಗಿ ಈಗ ಹೆಂಗದಾಳ?"

"ಸಂಕ್ರಾಂತಿ ಮುಂದ ತೀರ್ಕೊಂಡ್ಲ್ರಿ."

ಆ ಹೆಂಗಸಿನ ಮುಖ ನೆನಪಿಸಿಕೊಳ್ಳಲು ಎಷ್ಟೋ ಪ್ರಯತ್ನಪಟ್ಟೆ, ಬರಲಿಲ್ಲ. ಅಂಥ ಎಷ್ಟು ಜನರನ್ನು ಬೈದು ಕಳಿಸಿದ್ದೆನೋ.

ಮೂರು ತಿಂಗಳ ನಂತರ ಎರಡನೇ ಸಲ ಕೊಯ್ದು ಮಲ್ಲವ್ವನ ಪಿತ್ತಕೋಶ ತೆಗೆದೆ, ಆಕೆ ನಡೆದುಕೊಂಡೇ ಮನೆಗೆ ಹೋದಳು. ಓರೆಯೋ ನಡುವೋ, ಬುಡದಿಂದಲೋ ತುದಿಯಿಂದಲೋ ಎಂದು ಬೇರೆ ಆಸ್ಪತ್ರೆಗಳ ಶಸ್ತ್ರವೈದ್ಯರೊಡನೆ ವರ್ಷಗಟ್ಟಲೆ ವಾದಿಸಿದವನು ನಾನು. ಆದರೆ ಬರೆ ಆರಲೆಂದು ಕಾದು ಆಕೆಯ ಏಳು ದಿನ ಹಾಳಾದದ್ದು ನನ್ನ ಬಾಯಿಂದ. ಬರೆ ಹಾಕುವುದು ತಪ್ಪೆಂದು ಆಮೇಲೂ ಎಲ್ಲರಿಗೂ ಹೇಳಿದ್ದೇನೆ. ಆದರೆ ರೋಗಿ ಗುಣವಾಗಿ ಊರಿಗೆ ಹೊರಡುವ ದಿನ, ಪಕ್ಕದಲ್ಲಿ ಕೂತು ಹೇಳಿದ್ದೇನೆ.