ಹೊರೆ ಇಲ್ಲದೆ ನಿಂತವಳು

ನಮ್ಮ ಮನೆ ಗುಡ್ಡದ ನೆತ್ತಿಗಿಂತ ತುಸು ಕೆಳಗಿತ್ತು, ಗದ್ದೆ ಕಣಿವೆಯಲ್ಲಿತ್ತು. ಎರಡರ ನಡುವೆ ಕಾಫಿ ಗಿಡಗಳ ಸಾಲು ಸೀಳಿಕೊಂಡು ಹೋಗುವ ಏರುದಾರಿ. ಅದರ ಅರ್ಧದಲ್ಲಿ, ಹಲಸಿನ ಮರದ ಪಕ್ಕ, ಒಂದು ಹೊರೆಗಲ್ಲು. ನೆಟ್ಟಗೆ ನಿಲ್ಲಿಸಿದ ಎರಡು ಕಲ್ಲು, ಅವುಗಳ ಮೇಲೆ ಕುತ್ತಿಗೆಯೆತ್ತರಕ್ಕೆ ಅಡ್ಡ ಹಾಸಿದ ಚಪ್ಪಡಿ. ತಲೆಹೊರೆ ಹೊತ್ತು ಬಂದವರು ಯಾರ ಕೈಯನ್ನೂ ಬೇಡದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಉಸಿರು ತೆಗೆದುಕೊಂಡು, ಮತ್ತೆ ತಲೆಯೊಡ್ಡಿ ಹೊರಡಬಹುದಿತ್ತು. ಎಷ್ಟೋ ತಲೆಮಾರಿನ ಹುಲ್ಲು, ಸೊಪ್ಪು, ಸೌದೆ ಉಜ್ಜಿ ಚಪ್ಪಡಿಯ ಅಂಚು ನುಣುಪಾಗಿತ್ತು.

ಅಲ್ಲಿ ನಿಲ್ಲಬೇಕಾದರೆ ತಲೆಯ ಮೇಲೆ ಹೊರೆ ಇರಬೇಕು. ಯಾರೂ ಹಾಗೆಂದು ಹೇಳಿರಲಿಲ್ಲ, ಆದರೆ ಬರಿಗೈಯಲ್ಲಿ ಬಂದವರು ನಿಲ್ಲುತ್ತಿರಲಿಲ್ಲ. ನಿಂತರೆ ನಗೆಪಾಟಲು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಆ ಮನೆಗೆ ಕಿರಿಸೊಸೆಯಾಗಿ ಬಂದೆ. ಹಿರಿಸೊಸೆ, ಅಂದರೆ ನನ್ನ ಭಾವನ ಹೆಂಡತಿ, ಮಗ್ಗೆ ಎಂಬ ಊರಿನ ಕಡೆಯವಳು. ಅವಳನ್ನು ಅಕ್ಕ ಎನ್ನುತ್ತಿದ್ದೆ. ನಾನು ಬಯಲಿನಲ್ಲಿ ಬೆಳೆದವಳು, ನನಗೆ ಏರು ಹತ್ತುವುದನ್ನು ಕಲಿಸಿದವಳು ಅವಳೇ.

"ಮೇಲೆ ನೋಡ್ಬ್ಯಾಡ ಕಣೆ. ಕಾಲ್ ಬುಡ ನೋಡು. ಮಾತಾಡ್ತಾ ಹತ್ತು. ಮಾತು ನಿಂತೋಯ್ತು ಅಂದ್ರೆ ದಮ್ಮು ಕಟ್ತು ಅಂತ ಗೊತ್ತಾಗ್ಬುಡ್ತದೆ."

ಅವಳ ಮಾತು ಎಂದೂ ನಿಂತದ್ದಿಲ್ಲ. ಗದ್ದೆಯ ಬದುವಿನಲ್ಲಿ ಶುರುವಾದ ಕತೆ ಮನೆಯ ಹಟ್ಟಿಯ ಬಾಗಿಲಿಗೆ ಸರಿಯಾಗಿ ಮುಗಿಯುತ್ತಿತ್ತು. ಕಾಫಿ ಹೂ ಬಿಟ್ಟ ಬೆಳಿಗ್ಗೆಗಳಲ್ಲಿ ಆ ಗಮಲಿನ ನಡುವೆ ಅವಳ ಬೆನ್ನನ್ನೇ ನೋಡುತ್ತಾ, ಅವಳ ದನಿ ಹಿಡಿದುಕೊಂಡು ನಾನು ಹತ್ತುತ್ತಿದ್ದೆ. ಈಗಲೂ ಆ ಹೂವಿನ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಒಂದು ಬೆನ್ನು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಸಂಜೆ ಆ ಕತೆ ನಡುವೆ ನಿಂತಿತು. ತವರಿನ ಹೇಟೆಕೋಳಿಯೊಂದು ಅಟ್ಟ ಹತ್ತಿ ಮೊಟ್ಟೆ ಬಚ್ಚಿಟ್ಟ ಕತೆ. "ಆಮೇಲೆ ನಮ್ಮವ್ವ ಏಣಿ ಹಾಕಿ..." ಎಂದವಳು ಮುಂದೆ ಹೇಳಲಿಲ್ಲ. ಹೊರೆಗಲ್ಲಿಗೆ ಬೆನ್ನು ಕೊಟ್ಟು ನಿಂತಳು. ತಲೆಯ ಮೇಲೆ ಏನೂ ಇರಲಿಲ್ಲ. ಹಿಂದಿನಿಂದ ಹುಲ್ಲುಹೊರೆ ಹೊತ್ತು ಪಕ್ಕದ ಮನೆಯಾಕೆ ಬಂದಳು. ಕೈ ಧಾರಾಳ, ನಾಲಿಗೆ ಚೂಪು.

"ಏನೇ, ಖಾಲಿ ತಲೆಗೂ ಹೊರೆಗಲ್ಲು ಬೇಕಾಯ್ತಾ? ಒಳಗೇ ಏನಾರ ಭಾರ ಐತೋ?"

ಅವಳೂ ನಾನೂ ನಕ್ಕೆವು. ಅಕ್ಕನೂ ನಕ್ಕಳು, ಆದರೆ ನಮಗಿಂತ ತಡವಾಗಿ.

ಮಾರನೆಯ ದಿನದಿಂದ ಅವಳ ತಲೆಯ ಮೇಲೆ ಸೊಪ್ಪಿನ ಹೊರೆ ಬಂತು. ಕೊಟ್ಟಿಗೆಯಲ್ಲಿ ಸೊಪ್ಪು ಬೇಕಾದಷ್ಟಿತ್ತು. ಆದರೂ ದಿನವೂ ಒಂದು ಹೊರೆ. ಹಲಸಿನ ಮರದ ಬಳಿ ಬಂದು, ಹೊರೆಯನ್ನು ಚಪ್ಪಡಿಯ ಮೇಲೆ ಜಾರಿಸಿ, ತಲೆಗಿಟ್ಟ ಬಟ್ಟೆಯ ಸಿಂಬೆಯನ್ನು ಕೈಯಲ್ಲಿ ಹಿಡಿದು, ತುಂಬ ಹೊತ್ತು ನಿಲ್ಲುತ್ತಿದ್ದಳು. ಒಂದು ಸಂಜೆ ನಾನು ಹೊರೆಗೆ ಕೈ ಹಾಕಿದೆ.

"ಕೊಡಕ್ಕ, ನಾನು ಹೊರ್ತೀನಿ."

"ಬ್ಯಾಡ. ಇದಿದ್ರೆ ನಿಲ್ಬೋದು." ಉಸಿರು ಕೂಡಿಸಿಕೊಂಡು ಹೇಳಿದಳು. "ಅತ್ತೆಗೆ ಗೊತ್ತಾದ್ರೆ ಒಲೆ ಮುಂದೆ ಕೂರಿಸಿಬುಡ್ತಾರೆ. ಗದ್ದೆಗೋಗ್ದೆ ನಾನು ಏನ್ ಮಾಡ್ಲಿ ಹೇಳು. ಆ ಒಳಮನೇಲಿ ನಂಗೆ ಬೆಳಗೂ ಆಗಲ್ಲ, ಬೈಗೂ ಆಗಲ್ಲ."

ನಿಲ್ಲುವ ಹಕ್ಕಿಗಾಗಿ ಅವಳು ಭಾರ ಹೊರುತ್ತಿದ್ದಳು. ಆ ಭಾರದಿಂದಾಗಿ ಇನ್ನಷ್ಟು ನಿಲ್ಲಬೇಕಾಗುತ್ತಿತ್ತು.

ಆ ವಾರವೇ ಅವಳು ಏರಿನಲ್ಲಿ ಕುಸಿದು ಕುಳಿತಳು. ತುಟಿ ನೇರಳೆ ಹಣ್ಣಿನ ಸಿಪ್ಪೆಯಂತಿತ್ತು. ಪೇಟೆಯ ಡಾಕ್ಟರು ದಮ್ಮು ಇರಬಹುದೆಂದು ಎಳೆದುಕೊಳ್ಳುವ ಔಷಧಿ ಕೊಟ್ಟರು. ಅದರಿಂದ ಏನೂ ಕಡಿಮೆಯಾಗದಿದ್ದಾಗ ಅವರೇ ಮಂಗಳೂರಿಗೆ ಚೀಟಿ ಬರೆದರು. ಭಾವ, ಅಕ್ಕ, ನಾನು ಬಾಳ್ಳುಪೇಟೆಯಲ್ಲಿ ಬಸ್ಸು ಹತ್ತಿದೆವು. ಘಾಟಿ ಇಳಿಯುವಾಗ ಅವಳು ಕಿಟಕಿಗೆ ಮುಖ ಕೊಟ್ಟು, "ಇಳಿಯೋದ್ರಲ್ಲಿ ನಾನೀಗ್ಲೂ ಗಟ್ಟಿಗಿತ್ತಿ ಕಣೆ" ಎಂದಳು.

ಆಸ್ಪತ್ರೆಯಲ್ಲಿ ಮೊದಲು ಒಂದು ಕೊಳವೆಗೆ ಊದಿಸಿದರು. ಅಕ್ಕ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಕೊನೆಯ ಉಸಿರಿನವರೆಗೆ ಊದಿದಳು. ಊದಿಸುತ್ತಿದ್ದ ಹುಡುಗಿ ಪರದೆ ನೋಡಿ, "ಚೆನ್ನಾಗಿ ಊದ್ತೀರಿ ಅಮ್ಮ" ಎಂದಳು.

"ಒಲೆ ಊದಿ ಊದಿ ಅಭ್ಯಾಸ ಐತೆ ಕಣವ್ವ."

ಶ್ವಾಸಕೋಶಕ್ಕೆ ಗಾಳಿ ಹೋಗಿಬರುವುದರಲ್ಲಿ ಹೆಚ್ಚಿನ ದೋಷ ಕಾಣುವುದಿಲ್ಲ ಎಂದಾಗ ಭಾವನ ಮುಖ ಸಡಿಲವಾಯಿತು. ಕಾಯಿಲೆಯೇ ಇಲ್ಲವೆಂದುಕೊಂಡರು. ನನ್ನ ಕಣ್ಣ ಮುಂದೆ ಮಾತ್ರ ಆ ತುಟಿಯ ಬಣ್ಣವಿತ್ತು.

ಆಮೇಲೆ ನಡೆಸಿ ನೋಡುವ ಪರೀಕ್ಷೆ. ಉದ್ದನೆಯ ಓಣಿಯಂಥ ಜಾಗ, ಆ ತುದಿಗೊಂದು ಈ ತುದಿಗೊಂದು ಕುರ್ಚಿ. ಬೆರಳಿಗೆ ಸಣ್ಣ ಚಿಮಟದಂಥದ್ದು ಸಿಕ್ಕಿಸಿದರು, ರಕ್ತದಲ್ಲಿ ಪ್ರಾಣವಾಯು ಎಷ್ಟಿದೆಯೆಂದು ಅದು ತೋರಿಸುತ್ತದಂತೆ. ಆ ಹುಡುಗಿ ನಿಧಾನವಾಗಿ ಹೇಳಿದಳು: "ಆರು ನಿಮಿಷದಲ್ಲಿ ನಿಮ್ಮಿಂದ ಎಷ್ಟು ದೂರ ಆಗ್ತದೋ ಅಷ್ಟು ನಡೀರಿ. ಸುಸ್ತಾದರೆ ನಿಲ್ಲಬಹುದು, ಗೋಡೆಗೆ ಒರಗಬಹುದು."

ಅಕ್ಕ ನನ್ನ ಕಡೆ ತಿರುಗಿ, "ಆ ಬ್ಯಾಗ್ ಕೊಡೆ ಇಲ್ಲಿ" ಎಂದಳು. ಊಟದ ಡಬ್ಬಿ, ಸೀರೆ ಇದ್ದ ಭಾರದ ಬ್ಯಾಗು.

"ಬ್ಯಾಗ್ ಯಾಕಮ್ಮ? ಬೇಡ. ಬರಿಗೈಯಲ್ಲಿ ನಡೀರಿ."

ನಡೆದಳು. ಸಪಾಟು ನೆಲ, ನಮ್ಮ ಗುಡ್ಡದವರಿಗೆ ಆಟದಂಥದ್ದು. ಮೂರನೆಯ ಸಲ ನನ್ನ ಮುಂದೆ ಹಾದುಹೋದಾಗ ಬಾಯಿ ತೆರೆದಿತ್ತು, ಕುತ್ತಿಗೆಯ ನರ ಎದ್ದಿತ್ತು. ಹುಡುಗಿ "ನಿಲ್ಲಿ, ಬೇಕಾದರೆ ನಿಲ್ಲಿ" ಎನ್ನುತ್ತಾ ಹಿಂದೆಯೇ ಹೋದಳು. ಅಕ್ಕ ನಿಲ್ಲಲಿಲ್ಲ. ಕಾಲಬುಡ ನೋಡುತ್ತಾ ಹೋಗುತ್ತಲೇ ಇದ್ದಳು. ಕೊನೆಗೆ ಹುಡುಗಿಯೇ ಅವಳ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಮೂಗಿಗೆ ಗಾಳಿಯ ನಳಿಕೆ ಇಟ್ಟಳು. ನಾನು ಬ್ಯಾಗು ಕೆಳಗಿಟ್ಟು ಅವಳ ಬಳಿಗೆ ಓಡಿದೆ.

ವಯಸ್ಸಾದ ಡಾಕ್ಟರು ಬಂದು ಕೇಳಿದರು: "ನಿಲ್ಲಬಹುದು ಅಂತ ಹೇಳಿದ್ದರಲ್ಲ, ಯಾಕೆ ನಿಲ್ಲಲಿಲ್ಲ?"

"ಕೈಲಿ ಏನೂ ಇರ್ಲಿಲ್ವಲ್ಲ ಸಾರ್."

ಅವರಿಗೆ ಅರ್ಥವಾಗಲಿಲ್ಲ. ನಾನು ಗುಡ್ಡ, ಹೊರೆಗಲ್ಲು, ಸೊಪ್ಪು ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಭಾವ ತಲೆ ತಗ್ಗಿಸಿಕೊಂಡು ಕೇಳಿದರು.

ಎದೆಯ ಸ್ಕ್ಯಾನು ಮತ್ತು ಇನ್ನಷ್ಟು ಪರೀಕ್ಷೆಗಳಾದ ಮೇಲೆ ಡಾಕ್ಟರು ವಿವರಿಸಿದರು. ಗಾಳಿ ಸರಿಯಾಗಿಯೇ ಒಳಗೆ ಬರುತ್ತಿದೆ. ಆದರೆ ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳು ಬಿಗಿದಿವೆ, ಅಲ್ಲಿ ಒತ್ತಡ ಏರಿದೆ. ಕೂತಾಗ ಹೇಗೋ ನಡೆಯುತ್ತದೆ. ಹತ್ತುವಾಗ ಹೃದಯ ತಳ್ಳಿ ತಳ್ಳಿ ಸೋಲುತ್ತದೆ.

"ಗದ್ದೆ ಚೆನ್ನಾಗೈತೆ, ನೀರು ಬರೋ ತೂಬು ಕಟ್ಟೈತೆ ಅನ್ನಿ" ಎಂದಳು ಅಕ್ಕ.

"ಹೌದು. ತೂಬು ಸ್ವಲ್ಪ ಸಡಿಲ ಮಾಡಲಿಕ್ಕೆ ಮಾತ್ರೆ ಕೊಡ್ತೇನೆ. ಪೂರ್ತಿ ಬಿಡಿಸಲಿಕ್ಕೆ ನನ್ನಿಂದ ಆಗುವುದಿಲ್ಲ. ಭಾರ ಎತ್ತಲೇಬಾರದು. ಉಸಿರು ಕಟ್ಟುವ ಮೊದಲೇ ನಿಲ್ಲಬೇಕು."

"ಗದ್ದೆಗೋಗ್ಬೋದಾ?"

"ಈಗ ಬೇಡ. ಮುಂದಿನ ಸಲ ಇನ್ನೊಮ್ಮೆ ನಡೆಸಿ ನೋಡಿ ಹೇಳ್ತೇನೆ."

ಮುಂದಿನ ಕೆಲವು ತಿಂಗಳು ಅವಳು ಜಗಲಿಯಲ್ಲಿ ಕೂತು ಕಣಿವೆ ನೋಡಿದಳು. ಅತ್ತೆ ನಾವು ಹೆದರಿದಂತೆ ಏನೂ ಅನ್ನಲಿಲ್ಲ. ಒಲೆಯ ಹೊಗೆ ತಾಗದ ಕಡೆಗೆ ಅವಳ ಚಾಪೆ ಎಳೆದು ಹಾಸುತ್ತಿದ್ದರು, ಅಷ್ಟೇ.

ಎರಡನೆಯ ಸಲ ಅದೇ ಓಣಿ. ಅರ್ಧ ದಾರಿಯಲ್ಲಿ ಅಕ್ಕ ತಾನಾಗಿ ನಿಂತಳು. ಬರಿಗೈಯಲ್ಲಿ, ಗೋಡೆಗೆ ಬೆನ್ನು ಕೊಟ್ಟು. ಹಾದುಹೋಗುವವರನ್ನು ನೋಡಿ ಅವಳ ಮುಖ ಕೆಂಪಾಯಿತು. ಆಮೇಲೆ ಮತ್ತೆ ನಡೆದಳು, ಮೊದಲ ಸಲಕ್ಕಿಂತ ದೂರ. ಡಾಕ್ಟರು ಗದ್ದೆಗೆ ಹೋಗಿ ಕೂತು ಬರಬಹುದೆಂದರು. ಕೆಲಸ ಬೇಡ, ಹೊರೆ ಬೇಡ, ನಿಂತು ನಿಂತು ಹತ್ತಬೇಕು.

ಮಾತ್ರೆ ಕಾಯಿಲೆಯನ್ನು ತೆಗೆಯಲಿಲ್ಲ, ನಮಗೆ ಕೆಲವು ವರ್ಷ ಕೊಟ್ಟಿತು. ಅವಳು ಹೋಗಿ ಈಗ ಬಹಳ ಕಾಲವಾಯಿತು. ಗದ್ದೆಯವರೆಗೆ ಜೀಪು ಹೋಗುತ್ತದೆ, ಹಳೆಯ ಏರು ಲಂಟಾನದ ಪೊದೆಯಲ್ಲಿ ಮುಚ್ಚಿಹೋಗಿದೆ. ಆದರೂ ಅವಳು ಮತ್ತೆ ಗದ್ದೆಗೆ ಹೋದ ಮೊದಲ ದಿನ ನನ್ನಲ್ಲಿ ಹಾಗೇ ಇದೆ.

ಸಂಜೆ ಗದ್ದೆಯಿಂದ ವಾಪಸು ಹೊರಟಿದ್ದೆವು. ಹಲಸಿನ ಮರದ ಬಳಿ ಬರುವ ಹೊತ್ತಿಗೆ ಹುಲ್ಲುಹೊರೆ ಹೊತ್ತ ಪಕ್ಕದ ಮನೆಯಾಕೆ ಹಿಂದೆಯೇ ಇದ್ದಳು. ಅಕ್ಕ ಒಂದು ಗಳಿಗೆ ಹಿಂಜರಿದಳು. ಅವಳು ಹೊರೆಗಲ್ಲಿಗೆ ಒರಗಿದಳು.

"ಹೂಂ ಕಣೆ, ಖಾಲಿ ತಲೆ. ಒಳಗೇ ಭಾರ ಐತೆ. ಡಾಕ್ಟ್ರು ನೋಡಿ ಹೇಳವ್ರೆ" ಎಂದಳು.

ಪಕ್ಕದ ಮನೆಯಾಕೆ ಹೊರೆಯನ್ನು ಚಪ್ಪಡಿಯ ಮೇಲೆ ಜಾರಿಸಿದಳು. ಸಿಂಬೆ ತೆಗೆದು ಅದರಿಂದಲೇ ಮುಖ ಒರೆಸಿಕೊಂಡಳು. ಅವಳು ಸಾಮಾನ್ಯವಾಗಿ ಅಲ್ಲಿ ಎರಡು ಉಸಿರಿಗಿಂತ ಹೆಚ್ಚು ನಿಂತವಳಲ್ಲ. ಅಂದು ಬೇರಿನ ಮೇಲೆ ಕಾಲು ಚಾಚಿ ಕೂತೇಬಿಟ್ಟಳು.

"ನಂಗೂ ಏನ್ ಅರ್ಜೆಂಟಿಲ್ಲ ಮಾರಾಯ್ತಿ. ಆವತ್ತು ಒಂದು ಕೋಳಿ ಕತೆ ಅರ್ಧಕ್ಕೆ ಬಿಟ್ಟಿದ್ಯಲ್ಲ, ನಾನೂ ಹಿಂದಿಂದ ಕೇಳ್ತಾ ಬರ್ತಿದ್ದೆ. ನಿಮ್ಮವ್ವ ಏಣಿ ಹಾಕುದ್ರು. ಆಮೇಲೆ?"

ಅಕ್ಕ ಉಸಿರು ಪೂರ್ತಿ ಬರುವವರೆಗೆ ಕಾದಳು. ನಾವು ಕಾದೆವು. ಆಮೇಲೆ ಅವಳು ಏಣಿಯಿಂದ ಮುಂದಕ್ಕೆ ಹೇಳತೊಡಗಿದಳು.