ಬೀಗದ ಮಾವನ ಬೀಗರು

ಬೀಗದ ಮಾವನ ಮನೆಗೆ ಬೀಗರು ಬಂದಿದ್ದಾರೆ ಎಂಬ ಸುದ್ದಿ ಅವಳಿಗೆ ಮುಟ್ಟಿದ್ದು ಇಸ್ತ್ರಿಯವನ ಬಾಯಿಂದ. ಹೊಲಿದು ಮುಗಿಸಿದ ದಿಂಬಿನ ಚೀಲಗಳ ಗಂಟನ್ನು ಅವನ ಮೇಜಿನ ಮೇಲೆ ಇಳಿಸುತ್ತಿದ್ದಳು. ಅವನು ಕೆಂಡ ಊದುತ್ತ, ತಲೆ ಎತ್ತದೆ, "ಕೇಳಿದ್ರಾ ಅಕ್ಕಾ? ನಿಮ್ಮ ಎದುರುಮನೆ ಮಾವನಿಗೆ ಬೀಗರು ಬಂದಿದ್ದಾರೆ. ಮೂರು ಜನ. ಎಲ್ಲರದ್ದೂ ಹಸಿರು ಬಟ್ಟೆ. ಬಂದಾಗಿಂದ ಒಂದೇ ಸಮ ಕೂಗಾಟ," ಎಂದ.

ಅವಳು ಬೆಪ್ಪಾದಳು. ಮಾವ ಬೀಗ ರಿಪೇರಿ ಮಾಡುವವರು. ಓಣಿಯ ತಿರುವಿನಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಅಂಗಡಿ. ಅದರ ಹಿಂದೆ ಒಂದು ಕೋಣೆ, ಅದೇ ಮನೆ. ಮದುವೆಯೇ ಆಗದವರಿಗೆ ಬೀಗರು ಯಾವ ಊರಿಂದ ಬಂದಾರು? ಮನೆಗೆ ಹೋಗಿ ಒಲೆ ಹಚ್ಚುವಷ್ಟೂ ತಾಳ್ಮೆ ಉಳಿಯಲಿಲ್ಲ. ಟ್ರಂಕಿನ ಕೀಲಿ ಕಳೆದಿದೆ ಎಂಬ ನೆಪ ಮಾಡಿಕೊಂಡು ನೇರ ಅಂಗಡಿಗೆ ಹೋದಳು.

"ಟ್ರಂಕು ಎಲ್ಲಿ?" ಎಂದರು ಮಾವ, ಕನ್ನಡಕದ ಮೇಲಿನಿಂದ ನೋಡುತ್ತ.

"ಮನೇಲಿದೆ."

"ಕೀಲಿ ಕಳೆದದ್ದು ಯಾವಾಗ? ಇಸ್ತ್ರಿಯವನ ಹತ್ರ ಹೋಗೋಕೆ ಮುಂಚೆಯಾ, ಆಮೇಲಾ? ಒಳಗೆ ಬಾ ಮಗಳೇ. ಬೀಗರನ್ನ ನೋಡೋಕೆ ನಾಚಿಕೆ ಯಾಕೆ?"

ಒಳಕೋಣೆಯಲ್ಲಿ, ಹಾಸಿಗೆಯ ಪಕ್ಕದಲ್ಲೇ, ತಂತಿಯ ಪಂಜರದಲ್ಲಿ ಮೂರು ಗಿಣಿಗಳು ಕೂತಿದ್ದವು. ಒಂದರ ಬಾಲ ಮುರಿದಿತ್ತು. ಒಂದಕ್ಕೆ ಒಂದೇ ಕಣ್ಣು. ಮೂರನೆಯದು ಅವಳನ್ನು ಕಂಡದ್ದೇ ತಡ, ತುಕ್ಕು ಹಿಡಿದ ನಲ್ಲಿ ತಿರುಗಿಸಿದ ಹಾಗೆ ಸದ್ದು ಮಾಡಿತು.

"ಬೀಗ ತೆಗೆದಾಗ ಸಿಕ್ಕವರು. ಬೀಗರು ಅನ್ನದೆ ಇನ್ನೇನು ಅನ್ನಲಿ? ಮುನಿಸೂ ಹಾಗೇ ಇದೆ. ಎಷ್ಟು ಉಪಚಾರ ಮಾಡಿದ್ರೂ ಒಂದು ಕೊರತೆ ತೆಗೀತಾರೆ."

ಬಾಡಿಗೆಯವರು ಹೇಳದೆ ಕೇಳದೆ ಬಿಟ್ಟುಹೋದ ಮನೆ, ಇದ್ದೊಬ್ಬರು ತೀರಿಕೊಂಡ ಮನೆ, ಇಂಥವುಗಳ ಬಾಗಿಲು ತೆಗೆಯಲು ಜನ ಮಾವನನ್ನು ಕರೆಯುತ್ತಿದ್ದರು. ಒಳಗಿನ ಪಾತ್ರೆ ಪಗಡೆಗೆ, ಹಳೆಯ ಕುರ್ಚಿಗೆ ಕೂಡ ಹಕ್ಕುದಾರರು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಿದ್ದರು. ಮೂಲೆಯ ಪಂಜರದ ಕಡೆ ಮಾತ್ರ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಾಗೆ ಬಿಟ್ಟುಹೋದ ಹಕ್ಕಿಗಳನ್ನು ಮಾವ ಅರ, ಸುತ್ತಿಗೆಗಳ ಅವಜಾರದ ಚೀಲದ ಜೊತೆ ಎತ್ತಿಕೊಂಡು ಬರುತ್ತಿದ್ದರು.

ಆಮೇಲೆ ಅವಳೂ ಆ ಕೋಣೆಯ ಬಳಕೆಯವಳಾದಳು. ಉಳಿದ ತುಂಡುಬಟ್ಟೆಯಲ್ಲಿ ಪಂಜರಕ್ಕೆ ಹೊದಿಕೆ ಹೊಲಿದಳು, ಪೇರಲೆಕಾಯಿ ಹೆಚ್ಚಿಟ್ಟಳು, ಉಗುರು ಕತ್ತರಿಸುವಾಗ ಹಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದಳು. ಒಕ್ಕಣ್ಣನಂತೂ ಮಾವ ಹಾಕಿದ ಎಂಥ ಚಿಲಕವನ್ನಾದರೂ ಕೊಕ್ಕಿನಿಂದ ತೆಗೆದು ಹೊರಗೆ ಬಂದು ಕೂರುತ್ತಿತ್ತು. "ಊರಿನ ಕಳ್ಳರಿಗೆಲ್ಲ ಬಗ್ಗದ ಬೀಗ ಮಾಡಿದೋನು ನಾನು. ಇವನು ನನ್ನ ಹೊಟ್ಟೆ ಮೇಲೆ ಹೊಡೆಯೋಕೇ ಬಂದಿದ್ದಾನೆ," ಎಂದು ಮಾವ ಗೊಣಗುತ್ತಿದ್ದರು. ಆ ಗೊಣಗಾಟದಲ್ಲಿ ಎಷ್ಟು ಹೆಮ್ಮೆ ಇತ್ತೆಂದು ಈಗ ನೆನೆದರೂ ಅವಳಿಗೆ ನಗು ಬರುತ್ತದೆ.

ಸುಧಾರಿಸಿಕೊಂಡ ಹಕ್ಕಿಗಳು ಒಂದೊಂದಾಗಿ ಒಳ್ಳೆಯ ಮನೆ ಸೇರುತ್ತಿದ್ದವು, ಬೇರೆಯವು ಬರುತ್ತಿದ್ದವು. ಹಾಗೆ ಒಂದು ಬೇಸಿಗೆಯಲ್ಲಿ ಬಂದವಳೇ ಬರ್ತೀನಜ್ಜಿ.

ಅದು ಮುದಿ ಗಿಣಿ. ಸಾಕಿದ ಅಜ್ಜಿ ಆಸ್ಪತ್ರೆಗೆ ಹೋದವಳು ಅಲ್ಲೇ ತೀರಿಕೊಂಡಿದ್ದಳು. ಗಿಣಿ ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು ಬರಿಮೈಯಾಗಿತ್ತು. ಅಲ್ಲಲ್ಲಿ ರಕ್ತ ಒಸರುತ್ತಿತ್ತು. ಅದಕ್ಕೆ ಬರುತ್ತಿದ್ದದ್ದು ಒಂದೇ ಮಾತು. ಗಂಟಲು ಕಟ್ಟಿದ ಹೆಂಗಸಿನ ದನಿಯಲ್ಲಿ, "ಬರ್ತೀನೀ..."

"ಒಳ್ಳೇ ನೆಂಟರು ಸಿಕ್ಕಿದ್ರು," ಎಂದ ಇಸ್ತ್ರಿಯವನು. "ಬೆಳಗಿಂದ ಬರ್ತೀನಿ ಬರ್ತೀನಿ ಅಂತಾಳೆ, ಎದ್ದು ಮಾತ್ರ ಹೋಗಲ್ಲ!" ಆ ಹೆಸರು ಅವನೇ ಇಟ್ಟದ್ದು.

ದನಗಳ ಡಾಕ್ಟರು ನೋಡಿ ಮುಲಾಮು ಕೊಟ್ಟರು. "ರೋಗ ಏನಿಲ್ಲ. ಮನಸ್ಸಿಗೆ ಹಚ್ಚಿಕೊಂಡಿದೆ. ಹೀಗೇ ಕಿತ್ತುಕೊಳ್ತಿದ್ರೆ ಗಾಯ ಕೀವಾಗಿ ಉಳಿಯೋದು ಕಷ್ಟ," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಂದಿನಿಂದ ಮಾವ ಅಂಗಡಿಯ ಕೆಲಸವನ್ನೂ ಪಂಜರದ ಮುಂದೆ ಕೂತೇ ಮಾಡತೊಡಗಿದರು. ಅರ ಹಿಡಿದ ಕೈ ಬೀಗದ ಮೇಲೆ, ಕಣ್ಣು ಹಕ್ಕಿಯ ಮೇಲೆ.

ಒಂದು ಸಂಜೆ ಅವಳು ಹೊರಡಲು ಏಳುವಷ್ಟರಲ್ಲಿ ತಡೆದರು. "ಸ್ವಲ್ಪ ನಿಲ್ಲು. ನೀನು ಬಂದು ಹೋದಾಗೆಲ್ಲ ಇದು ಜಾಸ್ತಿ ಕಿತ್ಕೊಳ್ಳುತ್ತೆ."

ಅವಳಿಗೆ ಚುರ್ ಎಂದಿತು. "ನನ್ನ ಕಂಡ್ರೆ ಆಗಲ್ಲ ಅನ್ನಿ. ನಾಳೆಯಿಂದ ಈ ಕಡೆ ತಲೆ ಹಾಕಲ್ಲ ಬಿಡಿ."

"ಪೂರ್ತಿ ಕೇಳು. ಹೊರಡುವಾಗ ಏನಂತೀಯ?"

"ಏನಂತೀನಿ? ಎಲ್ಲರೂ ಅನ್ನೋದೇ. ಬರ್ತೀನಿ ಮಾವ ಅಂತೀನಿ."

ಮಾತು ಬಿದ್ದದ್ದೇ, ಪಂಜರದೊಳಗೆ ಕೊಕ್ಕು ಎದೆಗೆ ಹೋಯಿತು.

"ನೋಡಿದ್ಯಾ? ನಮಗೆ ಅದು ಹೋಗೋ ಮಾತು, ಅದಕ್ಕೆ ಬರೋ ಮಾತು. ಆ ಅಜ್ಜಿ ಹೊಸ್ತಿಲಲ್ಲಿ ನಿಂತು ಬರ್ತೀನಿ ಅಂದಿದ್ದಾಳೆ. ಇದು ಕಾದಿದೆ. ಇನ್ನೂ ಕಾಯ್ತಿದೆ."

ಅವಳು ಪಂಜರದ ಹತ್ತಿರ ಬಂದು, "ಹಾಗಾದ್ರೆ ಹೋಗ್ತೀನಿ ಅನ್ನಲಾ?" ಎಂದಳು.

"ಬಿಡ್ತು ಅನ್ನು! ಮುಸ್ಸಂಜೆ ಹೊತ್ತಲ್ಲಿ ಎಂಥ ಮಾತು ಆಡ್ತೀಯ? ಬರ್ತೀನಿ ಅಂತಲೇ ಅನ್ನು. ಅಂದ ಮೇಲೆ ಬಾ."

ಶುರುವಾಯಿತು ಆ ಪಾಠ. "ಬರ್ತೀನಿ" ಎಂದು ಹೊಸ್ತಿಲು ದಾಟುವುದು, ಅಲ್ಲೇ ತಿರುಗಿ ಒಳಗೆ ಬರುವುದು, ಒಂದು ಕಡಲೆಕಾಯಿ ಕೊಡುವುದು. ಮತ್ತೆ "ಬರ್ತೀನಿ", ಈ ಸಲ ಇಸ್ತ್ರಿಯವನ ಮೇಜಿನವರೆಗೆ. ಮತ್ತೆ ನಲ್ಲಿಯವರೆಗೆ. ಅವಳು ಒಳಗೆ ಕೂತರೆ ಮಾವ ಹೋಗಿ ಬರುತ್ತಿದ್ದರು. ಓಣಿಯ ಜನ ನಿಂತು ನೋಡಿ ನಕ್ಕರು. ಅವಳ ಗಂಡ ಊಟಕ್ಕೆ ಕೂತಾಗ, "ಗಿಣಿಗೆ ಬರ್ತೀನಿ ಅಂದ್ರೆ ಓಡಿ ಬರ್ತೀಯ. ನನಗೆ ಅನ್ನ ಬಡಿಸಿ, ಸಾರು ತರ್ತೀನಿ ಅಂತ ಹೋದವಳು ಎಲ್ಲಿದ್ದೆ?" ಎಂದು ಕೆಣಕಿದ. ನಿಜಕ್ಕೂ ಅವಳು ಸೌಟು ಕೈಯಲ್ಲೇ ಹಿಡಿದು ಎದುರುಮನೆಗೆ ಹೋಗಿ ಬಂದಿದ್ದಳು.

ಮಳೆ ಹಿಡಿಯುವ ಹೊತ್ತಿಗೆ ಗಿಣಿಯ ಎದೆಯ ಮೇಲೆ ಹೊಸ ಪುಕ್ಕದ ಮುಳ್ಳಿನಂಥ ಮೊಳಕೆಗಳು ಕಂಡವು. ಮಾವ ಅವಳನ್ನು ಕೂಗಿ ಕರೆದು, ಕೂಸಿನ ಹಲ್ಲು ತೋರಿಸುವ ತಾಯಿಯ ಹಾಗೆ ತೋರಿಸಿದರು. ಕಣ್ಣು ಒರೆಸಿಕೊಂಡು, "ಅರದ ಪುಡಿ ಬಿತ್ತು," ಎಂದರು. ಅರ ಮೇಜಿನ ಮೇಲೆ ತಣ್ಣಗೆ ಮಲಗಿತ್ತು.

ಬರ್ತೀನಜ್ಜಿಯನ್ನು ಮಾತ್ರ ಮಾವ ಯಾರಿಗೂ ಕೊಡಲಿಲ್ಲ. ಅದು ಅವರ ಭುಜದ ಮೇಲೆ ಕೂತೇ ಮಳೆಗಾಲಗಳು ಕಳೆದವು. ಅವಳ ಗಂಡ ತೀರಿಹೋದ. ಓಣಿಯ ಅರ್ಧ ಮನೆಗಳು ಮಹಡಿಯಾದವು. ಮಾವನಿಗೆ ಉಸಿರು ಸಾಲದಾಯಿತು. ಕೀಲಿಯ ಹಲ್ಲು ಕೊರೆಯುವ ಕೈ ನಡುಗತೊಡಗಿತು. ದೂರದ ಊರಿನ ತಂಗಿಯ ಮಗ ಬಂದು, "ನಮ್ಮಲ್ಲೇ ಇರಿ ಮಾವ, ಅಲ್ಲಿ ದೊಡ್ಡ ಆಸ್ಪತ್ರೆ ಇದೆ. ಆದ್ರೆ ಹಕ್ಕಿ ಬೇಡ. ಅದರ ದೂಳೇ ನಿಮಗೆ ವಿಷ ಅಂತ ಡಾಕ್ಟರು ಹೇಳಿದ್ದಾರಲ್ಲ," ಎಂದ.

"ನನಗೆ ಕೊಡಿ," ಎಂದಳು ಅವಳು, ಯಾರೂ ಕೇಳುವ ಮೊದಲೇ.

ಮಾವ ಅವಸರ ಮಾಡಲಿಲ್ಲ. ಪಂಜರವನ್ನು ಅವಳ ಹೊಲಿಗೆ ಯಂತ್ರದ ಪಕ್ಕ ಇಡಿಸಿದರು. ದಿನವೂ ಏದುಸಿರು ಬಿಡುತ್ತ ಓಣಿ ದಾಟಿ ಬಂದು, ಬಾಗಿಲ ಬಳಿಯೇ ಕೂತು, ಅವಳ ಕೈಯಿಂದ ಹಕ್ಕಿ ತಿನ್ನುವುದನ್ನು ನೋಡಿ, "ಬರ್ತೀನಿ" ಎಂದು ಹೋಗುತ್ತಿದ್ದರು. ಮರುದಿನ ಬರುತ್ತಿದ್ದರು. ಒಂದು ದಿನವೂ ಆ ಮಾತು ಸುಳ್ಳಾಗಲಿಲ್ಲ.

ಹೊರಡುವ ಬೆಳಿಗ್ಗೆ ಗಾಡಿ ಓಣಿಯ ತುದಿಯಲ್ಲಿ ನಿಂತಿತ್ತು. ಒಗೆದ ಅಂಗಿ ತೊಟ್ಟು ಮಾವ ಕೊನೆಯ ಸಲ ಒಳಗೆ ಬಂದರು. ಬೆರಳು ಒಡ್ಡಿದರು, ಗಿಣಿ ಅದನ್ನು ಮೆಲ್ಲಗೆ ಕಚ್ಚಿ ಬಿಟ್ಟಿತು. ಏನೋ ಹೇಳಲು ಹೋದವರು ತುಟಿ ಬಿಗಿದುಕೊಂಡರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ರೂಢಿಯ ಮಾತಿಗೆ ಬಾಯಿ ತೆರೆದಳು. ಮಾವ ಕೈ ಅಡ್ಡ ಹಿಡಿದರು.

"ಹೋಗಿ ಬನ್ನಿ ಅನ್ನಬೇಡ ಮಗಳೇ," ಎಂದರು, ದನಿ ತಗ್ಗಿಸಿ. "ಅದು ಕೇಳಿಸ್ಕೊಳ್ತಿದೆ. ನಾನೂ ಏನೂ ಅನ್ನಲ್ಲ. ನೀನು ಬರೀ ಹೋಗಿ ಅನ್ನು."